‘ಹೊರಗೆ’ ಎಂಬುದು ಎಲ್ಲಿದೆ?

ಕೂಟದ ಪತ್ರಿಕೆಯಲ್ಲಿ ಇಂಥ ವಿಷಯವೇ ಎಂದು ಕೆಲವರು ಮೂಗು ಮುರಿಯಬಹುದು. ನಾಟಕದ ವರದಿ, ಮಕ್ಕಳ ಚಿತ್ರ, ಹೋಳಿಗೆ ಮಾಡುವ ವಿಧಾನ ಇವುಗಳ ನಡುವೆ ಹೊಟ್ಟೆಹುಳುವಿಗೇನು ಕೆಲಸ? ಆದರೆ ನಮ್ಮಲ್ಲಿ ಹೆಚ್ಚಿನವರು ಬೆಳೆದದ್ದು ಮಕ್ಕಳನ್ನು ಸಾಲಾಗಿ ಕೂರಿಸಿ ಹರಳೆಣ್ಣೆ ಕುಡಿಸುತ್ತಿದ್ದ ಮನೆಗಳಲ್ಲಿ. ಬೆಲ್ಲ ತಿಂದರೆ ಹುಳು, ಮಣ್ಣಿನಲ್ಲಿ ಆಡಿದರೆ ಹುಳು, ಉಗುರು ಕಚ್ಚಿದರೆ ಹುಳು ಎಂದು ಬೈಸಿಕೊಂಡೇ ದೊಡ್ಡವರಾದವರು ನಾವು. ಆ ಬೈಗುಳದೊಳಗೆ ಒಂದು ತೀರ್ಪು ಅಡಗಿದೆ. ಹುಳುವಾದರೆ ಅದು ಮಗುವಿನ ತಪ್ಪು, ಇಲ್ಲವೇ ಮಗುವನ್ನು ನೋಡಿಕೊಳ್ಳದ ತಾಯಿಯ ತಪ್ಪು. ಈ ತೀರ್ಪು ನ್ಯಾಯವೇ? ಒಂದು ಮಗುವಿನ ಹೊಟ್ಟೆಯ ಹುಳುವಿಗೆ ಹೊಣೆ ಯಾರು? ಇದು ವೈದ್ಯರಿಗೆ ಮಾತ್ರ ಬಿಟ್ಟುಬಿಡಬಹುದಾದ ಪ್ರಶ್ನೆಯಲ್ಲ. ಧರ್ಮದ ಪ್ರಶ್ನೆ ಎಂದು ನನಗೆ ತೋರುತ್ತದೆ.

ಮೊದಲು ಹುಳುವಿನ ಸಂಗತಿ ತಿಳಿಯೋಣ. ಮಣ್ಣಿನ ಮೂಲಕ ಹರಡುವ ಹುಳುಗಳು ಪ್ರಪಂಚದಲ್ಲಿ ಸುಮಾರು ೧೫೦ ಕೋಟಿ ಜನರಿಗೆ ಅಂಟಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮುಖ್ಯವಾಗಿ ಮೂರು ಬಗೆ: ದುಂಡುಹುಳು, ಚಾಟಿಹುಳು, ಕೊಕ್ಕೆಹುಳು. ದುಂಡುಹುಳುವಿನ ಹೆಣ್ಣು ದಿನಕ್ಕೆ ಎರಡು ಲಕ್ಷದಷ್ಟು ಮೊಟ್ಟೆ ಇಡಬಲ್ಲದು. ಆ ಮೊಟ್ಟೆಗಳು ಮಲದೊಂದಿಗೆ ಮಣ್ಣಿಗೆ ಬಿದ್ದು, ಅಲ್ಲಿ ಕೆಲವು ವಾರ ಮಾಗಿ, ತೊಳೆಯದ ಸೊಪ್ಪಿನಿಂದಲೋ ಕೈಬೆರಳಿನಿಂದಲೋ ಇನ್ನೊಬ್ಬರ ಬಾಯಿಗೆ ಸೇರುತ್ತವೆ. ಕೊಕ್ಕೆಹುಳು ಬಾಯಿಗಾಗಿ ಕಾಯುವುದಿಲ್ಲ. ನೆರಳಿನ ತೇವದ ಮಣ್ಣಿನಲ್ಲಿ ಅದರ ಮರಿ ಹೊರಬಂದು ಬರಿಗಾಲಿನ ಚರ್ಮವನ್ನೇ ಕೊರೆದು ರಕ್ತಕ್ಕೆ ಇಳಿಯುತ್ತದೆ. ಶ್ವಾಸಕೋಶ ಮುಟ್ಟಿ, ಗಂಟಲಿಗೆ ಏರಿ, ನುಂಗಿದ ಉಗುಳಿನ ಜೊತೆ ಕರುಳಿಗೆ ಹೋಗಿ ಕಚ್ಚಿಕೊಂಡು ಕೂರುತ್ತದೆ. ಅಲ್ಲಿಂದ ಅದು ಹೀರುವುದು ರಕ್ತ. ಮಗು ಬಿಳಿಚಿಕೊಳ್ಳುತ್ತದೆ, ಪಾಠದಲ್ಲಿ ಮಂಕಾಗುತ್ತದೆ. ಬಸುರಿಯಾದರೆ ಹೆರಿಗೆಯೇ ಗಂಡಾಂತರವಾಗಬಹುದು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಈ ಹುಳುಗಳು ಹೊಟ್ಟೆಯೊಳಗೇ ಇದ್ದು ಮರಿಮಕ್ಕಳನ್ನು ಹೆಚ್ಚಿಸಿಕೊಳ್ಳಲಾರವು. ಮೊಟ್ಟೆ ಒಮ್ಮೆ ಹೊರಗಿನ ಮಣ್ಣಿಗೆ ಬಂದು ಮಾಗಲೇಬೇಕು. ಅಂದರೆ ಮಗುವಿನ ಹೊಟ್ಟೆಯಲ್ಲಿ ಇಪ್ಪತ್ತು ಹುಳುಗಳಿದ್ದರೆ ಆ ಇಪ್ಪತ್ತೂ ಹೊರಗಿನಿಂದ ಒಳಗೆ ಬಂದಂಥವು. ಪ್ರತಿಯೊಂದರ ಹಿಂದೆಯೂ ಯಾರದೋ ಮಲ, ಯಾವುದೋ ಬಯಲು, ಯಾವುದೋ ಹಿತ್ತಲು ಇದೆ. ಹುಳು ಮಗುವಿನ ಕೊಳಕುತನದ ಗುರುತಲ್ಲ. ಆ ಊರಿನವರು ಒಬ್ಬರಿಗೊಬ್ಬರು ಎಷ್ಟು ಹತ್ತಿರವಿದ್ದಾರೆ ಎಂಬುದರ ಗುರುತು.

ನಮ್ಮ ಭಾಷೆ ಇದನ್ನು ಒಪ್ಪಿಕೊಳ್ಳುವಂತೆ ಕಾಣುವುದಿಲ್ಲ. ಹಳಬರು ಮಲವಿಸರ್ಜನೆಗೆ ‘ಬಹಿರ್ದೆಸೆ’ ಎನ್ನುತ್ತಿದ್ದರು, ಹೊರಗಿನ ದಿಕ್ಕು ಎಂದರ್ಥ. ಬಯಲಿಗೆ ಹೋಗುವುದು, ಹೊರಕಡೆಗೆ ಹೋಗುವುದು, ಕೆರೆಯ ಕಡೆಗೆ ಹೋಗಿಬರುವುದು ಎಂಬ ಮಾತುಗಳೂ ಇವೆ. ಎಲ್ಲದರಲ್ಲೂ ಇರುವುದು ಒಂದೇ ಎಣಿಕೆ: ಮನೆಯ ಆಚೆ ‘ಹೊರಗೆ’ ಎಂಬುದೊಂದಿದೆ, ಅಲ್ಲಿಗೆ ಬಿಟ್ಟದ್ದು ನಮ್ಮದಲ್ಲ. ನಮ್ಮ ಮನೆಗಳ ಶುಚಿತ್ವವನ್ನು ನಾನು ಹಳಿಯುತ್ತಿಲ್ಲ. ಚಪ್ಪಲಿ ಹೊರಗೆ ಬಿಡುವುದು, ಕಾಲು ತೊಳೆದು ಒಳಗೆ ಬರುವುದು, ಉಣ್ಣುವ ಕೈಯೇ ಬೇರೆ ತೊಳೆಯುವ ಕೈಯೇ ಬೇರೆ ಎಂಬ ನಿಯಮ, ಎಂಜಲು ಮುಸುರೆಯ ಎಚ್ಚರ, ಇವುಗಳಲ್ಲಿ ಬಹಳಷ್ಟು ವಿವೇಕವಿದೆ. ಆದರೆ ಆ ಶುಚಿತ್ವ ಹೊಸ್ತಿಲಿಗೆ ಬಂದು ನಿಂತುಬಿಡುತ್ತದೆ. ತನ್ನ ಅಂಗಳ ಗುಡಿಸಿ ಕಸವನ್ನು ಪಕ್ಕದ ಮನೆಯ ಮುಂದೆ ತಳ್ಳುವವಳನ್ನು ನಾವು ಶುಚಿಯಾದ ಗೃಹಿಣಿ ಎಂದೇ ಕರೆಯುತ್ತೇವೆ. ಮಡಿ ಎಂಬುದು ನನ್ನನ್ನು ನಿನ್ನಿಂದ ಕಾಪಾಡುವ ಏರ್ಪಾಡು. ನಿನ್ನನ್ನು ನನ್ನಿಂದ ಕಾಪಾಡುವ ಯೋಚನೆ ಅದರಲ್ಲಿ ಕಡಿಮೆ. ಹುಳುವಿಗೆ ಬೇಕಾದದ್ದೂ ಇಷ್ಟೇ.

ಹಾಗಾದರೆ ಮಾಡಬೇಕಾದದ್ದೇನು? ಸುಲಭದ ಉತ್ತರ ಮಾತ್ರೆ. ಭಾರತದಲ್ಲಿ ೨೦೧೫ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ನಡೆಯುತ್ತಿದೆ. ಒಂದರಿಂದ ಹತ್ತೊಂಬತ್ತು ವರ್ಷದವರೆಗಿನವರಿಗೆ ಶಾಲೆ ಅಂಗನವಾಡಿಗಳಲ್ಲಿ ಅಲ್ಬೆಂಡಜೋಲ್ ಕೊಡುತ್ತಾರೆ. ೪೦೦ ಮಿಲಿಗ್ರಾಂನ ಒಂದೇ ಮಾತ್ರೆ, ಎರಡು ವರ್ಷದೊಳಗಿನ ಮಗುವಿಗೆ ಅದರ ಅರ್ಧ. ಬೆಲೆ ಅತ್ಯಲ್ಪ, ಅಪಾಯವೂ ಅತ್ಯಲ್ಪ. ಪ್ರತಿ ಮಗುವಿನ ಮಲಪರೀಕ್ಷೆ ಮಾಡಿ ಆಮೇಲೆ ಕೊಡುತ್ತೇವೆಂದರೆ ಪರೀಕ್ಷೆಯ ಖರ್ಚೇ ಔಷಧಿಯನ್ನು ಮೀರುತ್ತದೆ. ಆದ್ದರಿಂದ ಎಲ್ಲರಿಗೂ ಕೊಡುವುದೇ ಸರಿ ಎಂದು ನನ್ನ ಅಭಿಪ್ರಾಯ. ಆದರೆ ಮಾತ್ರೆ ಇವತ್ತಿನ ಹುಳುವನ್ನು ಕೊಲ್ಲುತ್ತದೆಯೇ ಹೊರತು ನಾಳೆ ಬರುವುದನ್ನು ತಡೆಯುವುದಿಲ್ಲ. ಅಂಗಳದ ಮಣ್ಣು ಹಾಗೆಯೇ ಇದ್ದರೆ ಆರು ತಿಂಗಳಲ್ಲೋ ವರ್ಷದೊಳಗೋ ಹುಳುಗಳು, ಅದರಲ್ಲೂ ದುಂಡುಹುಳು, ಬಹುಮಟ್ಟಿಗೆ ಮರಳಿ ಬರುತ್ತವೆ. ತೂತು ಮುಚ್ಚದೆ ದೋಣಿಯ ನೀರು ಮೊಗೆದು ಚೆಲ್ಲಿದಂತೆ.

ಎರಡನೆಯ ಉತ್ತರ ತಿಳಿವಳಿಕೆ. ಕೈ ತೊಳೆಯಿರಿ, ಚಪ್ಪಲಿ ಹಾಕಿರಿ, ಶೌಚಾಲಯ ಬಳಸಿರಿ ಎಂದು ಶಾಲೆಯ ಗೋಡೆಯ ಮೇಲೆ ಬರೆಸುವುದು. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಏಕೆಂದರೆ ತಿಳಿವಳಿಕೆಯಲ್ಲಿ ಎರಡು ಜಾತಿ ಇವೆ. ಒಂದು, ಮನುಷ್ಯನ ತಲೆಯ ಮೇಲಿನ ಅಪವಾದವನ್ನು ಇಳಿಸುವ ತಿಳಿವಳಿಕೆ. ಇನ್ನೊಂದು, ಇಲ್ಲದ ಅಪವಾದವನ್ನು ಹೊರಿಸುವ ತಿಳಿವಳಿಕೆ. ಮಾತುಗಳು ಎರಡರಲ್ಲೂ ಒಂದೇ ಆಗಿರಬಹುದು.

ಮೊದಲನೆಯದಕ್ಕೆ ಉದಾಹರಣೆ ನಾವಿರುವ ಈ ದೇಶದಲ್ಲೇ ಇದೆ. ನೂರು ವರ್ಷಗಳ ಹಿಂದೆ ಅಮೆರಿಕದ ದಕ್ಷಿಣ ರಾಜ್ಯಗಳ ಬಡ ರೈತರನ್ನು ಸೋಮಾರಿಗಳೆಂದು ಉತ್ತರದವರು ಗೇಲಿ ಮಾಡುತ್ತಿದ್ದರು. ಬಿಳಿಚಿದ ಮುಖ, ಜೋಲು ಹೆಗಲು, ಕೆಲಸದಲ್ಲಿ ಉತ್ಸಾಹವಿಲ್ಲ, ಅದು ಅವರ ಸ್ವಭಾವ ಎನ್ನುತ್ತಿದ್ದರು. ೧೯೦೨ರಲ್ಲಿ ಚಾರ್ಲ್ಸ್ ಸ್ಟೈಲ್ಸ್ ಎಂಬ ಪ್ರಾಣಿಶಾಸ್ತ್ರಜ್ಞರು ಅಲ್ಲಿನ ಕೊಕ್ಕೆಹುಳುವನ್ನು ಗುರುತಿಸಿ, ಇದು ಸ್ವಭಾವವಲ್ಲ, ರಕ್ತಹೀನತೆ ಎಂದರು. ಪತ್ರಿಕೆಗಳು ‘ಸೋಮಾರಿತನದ ಕ್ರಿಮಿ’ ಸಿಕ್ಕಿತೆಂದು ನಕ್ಕವು. ೧೯೦೯ರಲ್ಲಿ ಜಾನ್ ಡಿ. ರಾಕ್‌ಫೆಲರ್ ಹತ್ತು ಲಕ್ಷ ಡಾಲರ್ ಕೊಟ್ಟು ಒಂದು ನೈರ್ಮಲ್ಯ ಆಯೋಗ ಸ್ಥಾಪನೆಯಾಯಿತು. ಅದು ಹನ್ನೊಂದು ರಾಜ್ಯಗಳಲ್ಲಿ ಕೆಲಸ ಮಾಡಿತು. ಪರೀಕ್ಷಿಸಿದ ಶಾಲಾ ಮಕ್ಕಳಲ್ಲಿ ನೂರಕ್ಕೆ ೪೦ರ ಹತ್ತಿರ ಜನರಿಗೆ ಹುಳುವಿತ್ತು. ಥೈಮಾಲ್ ಮತ್ತು ಭೇದಿಯ ಉಪ್ಪು ಆಗಿನ ಔಷಧಿ. ಊರೂರಿಗೆ ಹೋಗಿ, ಜಾತ್ರೆಯಂತೆ ನೆರೆದ ಜನರಿಗೆ ಸೂಕ್ಷ್ಮದರ್ಶಕದಲ್ಲಿ ಹುಳುವಿನ ಮೊಟ್ಟೆಯನ್ನೇ ತೋರಿಸಿದರು. ಕಕ್ಕಸು ಹೇಗೆ ಕಟ್ಟಬೇಕೆಂದು ಹೇಳಿಕೊಟ್ಟರು. ೧೯೧೪ರಲ್ಲಿ ಆಯೋಗ ಮುಗಿದಾಗ ಹುಳು ಮುಗಿದಿರಲಿಲ್ಲ. ಮುಂದೆ ದಶಕಗಳ ಕಾಲ ಕಕ್ಕಸು, ಪಾದರಕ್ಷೆ, ಒಳ್ಳೆಯ ಸಂಬಳ ಬಂದ ಮೇಲೆಯೇ ಅದು ಹಿಮ್ಮೆಟ್ಟಿದ್ದು. ಆದರೂ ಆಯೋಗ ಮಾಡಿದ ಒಂದು ಕೆಲಸ ಕಡಿಮೆಯದಲ್ಲ. ಸೋಮಾರಿ ಎಂಬ ಬೈಗುಳವನ್ನು ರೋಗಿ ಎಂಬ ಮಾತಾಗಿ ಬದಲಿಸಿತು. ಮುಂದೆ ಇದೇ ಕೆಲಸದ ಎಳೆ ಹಿಡಿದು ರಾಕ್‌ಫೆಲರ್ ಫೌಂಡೇಶನ್ ನಮ್ಮ ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆಗೂ ನೆರವಾಯಿತು. ಮಂಡ್ಯದ ಗ್ರಾಮೀಣ ಆರೋಗ್ಯ ಘಟಕ ಹುಟ್ಟಿದ್ದು ಆ ನಂಟಿನಿಂದ.

ಎರಡನೆಯ ಜಾತಿಯ ತಿಳಿವಳಿಕೆ ನಮಗೆಲ್ಲ ಚೆನ್ನಾಗಿ ಗೊತ್ತು. ನಲ್ಲಿಯಲ್ಲಿ ನೀರಿಲ್ಲದ ಶಾಲೆಯ ಗೋಡೆಯ ಮೇಲೆ ‘ಸಾಬೂನಿನಿಂದ ಕೈ ತೊಳೆಯಿರಿ’ ಎಂದಿರುತ್ತದೆ. ಎರಡು ಮೈಲಿ ದೂರದಿಂದ ಕೊಡ ಹೊತ್ತು ತರುವ ತಾಯಿಗೆ ತರಕಾರಿಯನ್ನು ಮೂರು ನೀರಿನಲ್ಲಿ ತೊಳೆಯಬೇಕೆಂದು ಉಪದೇಶ. ಮಗುವಿಗೆ ಮತ್ತೆ ಹುಳುವಾದಾಗ ‘ಎಷ್ಟು ಹೇಳಿದರೂ ಇವರಿಗೆ ಬುದ್ಧಿ ಬರುವುದಿಲ್ಲ’ ಎಂಬ ಮಾತು. ಮಾಡಲು ಸಾಧನವಿಲ್ಲದವನಿಗೆ ಮಾಡು ಎಂದು ಹೇಳುವುದು ಶಿಕ್ಷಣವಲ್ಲ, ಆರೋಪ. ಹೇಳಿದವನ ಹೊಣೆ ತೀರಿತು, ಕೇಳಿದವನ ತಲೆಗೆ ತಪ್ಪು ಕಟ್ಟಿಯಾಯಿತು.

ತಿಳಿವಳಿಕೆಯಿಂದ ಪ್ರಯೋಜನವಿಲ್ಲ ಎಂದು ಇದರ ಅರ್ಥವಲ್ಲ. ಚೀನಾದ ಹುನಾನ್ ಪ್ರಾಂತ್ಯದ ೩೮ ಶಾಲೆಗಳಲ್ಲಿ ನಡೆದ ಪ್ರಯೋಗವೊಂದು ೨೦೧೩ರಲ್ಲಿ ಪ್ರಕಟವಾಯಿತು. ಮಕ್ಕಳಿಗೆಲ್ಲ ಮಾತ್ರೆ ಕೊಟ್ಟ ನಂತರ, ಅರ್ಧದಷ್ಟು ಶಾಲೆಗಳಲ್ಲಿ ಹನ್ನೆರಡು ನಿಮಿಷದ ಕಾರ್ಟೂನ್ ಚಿತ್ರ ತೋರಿಸಿ ಪಾಠ ಮಾಡಿದರು. ಆ ಶಾಲೆಗಳಲ್ಲಿ ಹೊಸದಾಗಿ ಹುಳು ಹತ್ತಿದ ಮಕ್ಕಳು ಉಳಿದ ಶಾಲೆಗಳ ಅರ್ಧದಷ್ಟು ಮಾತ್ರ. ಹುಳು ಬರುವ ದಾರಿಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದರೆ ಮಕ್ಕಳು ಕಲಿಯುತ್ತಾರೆ.

ಇನ್ನೂ ದೊಡ್ಡ ಉದಾಹರಣೆ ನಮ್ಮ ನಾಡಿನದೇ. ನಾರುಹುಣ್ಣು ಎಂದರೆ ಉತ್ತರ ಕರ್ನಾಟಕದ ಹಿರಿಯರಿಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಕಾಲಿನಲ್ಲಿ ಹುಣ್ಣಾಗಿ ಮೊಳಕ್ಕೂ ಮಿಕ್ಕಿದ ನಾರಿನಂಥ ಹುಳು ಹೊರಬರುವುದು, ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಎಳೆಯುವುದು. ಹುಣ್ಣಿನ ಕಾಲಿಟ್ಟು ಮೆಟ್ಟಿಲು ಬಾವಿಗೆ ಇಳಿದರೆ ಹುಳುವಿನ ಮರಿಗಳು ನೀರಿಗೆ ಬೀಳುತ್ತಿದ್ದವು. ನೀರಿನ ಸಣ್ಣ ಜೀವಿಗಳು ಅವನ್ನು ನುಂಗುತ್ತಿದ್ದವು, ಆ ನೀರನ್ನು ಊರೆಲ್ಲ ಕುಡಿಯುತ್ತಿತ್ತು. ಇದಕ್ಕೆ ಔಷಧಿಯಿಲ್ಲ, ಲಸಿಕೆಯೂ ಇಲ್ಲ. ೧೯೮೦ರ ದಶಕದ ಮೊದಲಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾದಾಗ ಕರ್ನಾಟಕವೂ ಪೀಡಿತ ರಾಜ್ಯಗಳಲ್ಲಿ ಒಂದು. ಅಲ್ಲಿ ಮಾಡಿದ್ದೇನು? ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದು ಹೇಳಿದರು, ಸೋಸುವ ಬಟ್ಟೆಯನ್ನೂ ಕೊಟ್ಟರು. ಬಾವಿಗೆ ಇಳಿಯಬೇಡಿ ಎಂದರು, ಕೈಪಂಪನ್ನೂ ಹಾಕಿಸಿದರು. ರೋಗಿಗಳನ್ನು ಹುಡುಕಿಕೊಂಡು ಮನೆಮನೆಗೆ ಹೋದರು. ಭಾರತದ ಕೊನೆಯ ರೋಗಿ ೧೯೯೬ರ ಜುಲೈನಲ್ಲಿ ರಾಜಸ್ಥಾನದಲ್ಲಿ ಕಂಡದ್ದು. ೨೦೦೦ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಮುಕ್ತ ಎಂದು ಘೋಷಿಸಿತು. ಪ್ರಪಂಚದಲ್ಲಿ ೧೯೮೬ರಲ್ಲಿ ವರ್ಷಕ್ಕೆ ೩೫ ಲಕ್ಷ ಜನರಿಗೆ ಆಗುತ್ತಿದ್ದ ರೋಗ ೨೦೨೩ರಲ್ಲಿ ಹದಿನಾಲ್ಕು ಜನರಿಗೆ ಇಳಿದಿತ್ತು. ಮಾತಿನ ಜೊತೆಗೆ ಸಾಧನವೂ ಕೈಗೆ ಬಂದಾಗ ಓದು ಬರಹ ಬಾರದ ಹಳ್ಳಿಯವರೇ ಒಂದು ರೋಗವನ್ನು ದೇಶದಿಂದ ಓಡಿಸಿದರು. ಬುದ್ಧಿ ಬರುವುದಿಲ್ಲ ಎನ್ನುವವರು ಇದನ್ನು ನೆನೆಯಬೇಕು.

ಇಷ್ಟು ಓದಿದವರು ‘ಹಾಗಾದರೆ ಶೌಚಾಲಯ ಕಟ್ಟಿಸಿಬಿಟ್ಟರೆ ಆಯಿತಲ್ಲ’ ಎನ್ನಬಹುದು. ಅಲ್ಲೇ ನಿಜವಾದ ತೊಡಕು ಇರುವುದು. ಒಡಿಶಾದ ಪುರಿ ಜಿಲ್ಲೆಯ ೧೦೦ ಹಳ್ಳಿಗಳಲ್ಲಿ ನಡೆದ ಅಧ್ಯಯನ ೨೦೧೪ರಲ್ಲಿ ಪ್ರಕಟವಾಯಿತು. ಕಟ್ಟಿಸಿಕೊಟ್ಟ ಹಳ್ಳಿಗಳಲ್ಲಿ ಶೌಚಾಲಯವಿದ್ದ ಮನೆಗಳು ನೂರಕ್ಕೆ ೯ರಿಂದ ೬೩ಕ್ಕೆ ಏರಿದವು. ಆದರೂ ಭೇದಿಯಾಗಲಿ ಹುಳುವಾಗಲಿ ಇಳಿಯಲಿಲ್ಲ. ಕಾರಣ, ಕಟ್ಟಿದ್ದನ್ನು ಎಲ್ಲರೂ ಬಳಸಲಿಲ್ಲ. ೨೦೧೯ರ ಅಕ್ಟೋಬರ್‌ನಲ್ಲಿ ದೇಶದ ಹಳ್ಳಿಗಳೆಲ್ಲ ಬಯಲು ಶೌಚದಿಂದ ಮುಕ್ತವೆಂದು ಘೋಷಣೆಯಾಯಿತು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು ೧೯ ಕುಟುಂಬಗಳು ಯಾವ ಶೌಚಾಲಯವನ್ನೂ ಬಳಸುತ್ತಿರಲಿಲ್ಲ. ಇರುವವರ ಮನೆಯಲ್ಲೂ ಅಜ್ಜ ಚೊಂಬು ಹಿಡಿದು ಹೊಲಕ್ಕೇ ಹೋಗುತ್ತಾನೆ.

ಏಕೆ? ಹಳ್ಳಿಯವರನ್ನು ಕೇಳಿದರೆ ಗಾಳಿ ಬೆಳಕು, ವಾಯುಸಂಚಾರ, ಅಭ್ಯಾಸ ಎಂದು ಹಲವು ಕಾರಣ ಹೇಳುತ್ತಾರೆ. ಬಾಯಿಬಿಟ್ಟು ಹೇಳದ ಕಾರಣ ಗುಂಡಿ. ಗುಂಡಿ ತುಂಬಿದರೆ ತೆಗೆಯುವವರು ಯಾರು? ಸರ್ಕಾರ ಹೇಳುವ ಎರಡು ಗುಂಡಿಯ ಶೌಚಾಲಯ ಬಹಳ ಜಾಣತನದ್ದು. ಒಂದು ತುಂಬಿದಾಗ ಮುಚ್ಚಿ, ಇನ್ನೊಂದನ್ನು ಬಳಸಬೇಕು. ಒಂದೆರಡು ವರ್ಷ ಬಿಟ್ಟು ತೆಗೆದರೆ ಅದು ವಾಸನೆಯಿಲ್ಲದ ಗೊಬ್ಬರ, ಮಣ್ಣಿನಂತೆಯೇ ಇರುತ್ತದೆ. ಆದರೆ ಆ ಮಣ್ಣನ್ನು ತನ್ನ ಕೈಯಿಂದ ತೆಗೆಯಲು ಮನೆಯವನು ಒಪ್ಪುವುದಿಲ್ಲ. ಹಿಂದೆ ತೆಗೆಯುತ್ತಿದ್ದ ಜಾತಿಯವರು ಇನ್ನು ತೆಗೆಯುವುದಿಲ್ಲ ಎನ್ನುತ್ತಾರೆ, ಅವರು ಹೇಳುವುದು ಸರಿಯಾಗಿಯೇ ಇದೆ. ಹೀಗಾಗಿ ಜನ ಎಂದೂ ತುಂಬದಂಥ ಭಾರಿ ಗುಂಡಿ ಬೇಕೆನ್ನುತ್ತಾರೆ. ಅದಕ್ಕೆ ಹಣವಿಲ್ಲದಿದ್ದರೆ ಬಯಲೇ ವಾಸಿ ಎನ್ನುತ್ತಾರೆ.

ಕರ್ನಾಟಕದಲ್ಲಿ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿದವರು ೧೯೭೦ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು. ದೇಶಕ್ಕೆ ಕಾನೂನು ಬಂದದ್ದು ೧೯೯೩ರಲ್ಲಿ, ಇನ್ನೂ ಬಿಗಿಯಾದದ್ದು ೨೦೧೩ರಲ್ಲಿ. ಇವೆರಡರ ನಡುವೆ, ೨೦೧೦ರ ಜುಲೈನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದ ಕೆಲವರು ತಾವಿದ್ದ ಜಾಗದಿಂದ ಎಬ್ಬಿಸುವುದನ್ನು ವಿರೋಧಿಸಿ ಪುರಸಭೆಯ ಮುಂದೆ ತಲೆಯ ಮೇಲೆ ಮಲ ಸುರಿದುಕೊಂಡರು. ಊರಿನವರು ‘ಹೊರಗೆ’ ಎಂದು ಬಿಟ್ಟದ್ದನ್ನು ತಲೆಮಾರುಗಳಿಂದ ಹೊತ್ತವರು ಅದನ್ನು ಊರಿನ ಕಣ್ಣೆದುರಿಗೆ ತಂದು ತೋರಿಸಿದರು. ಹುಳುವಿನ ಪ್ರಶ್ನೆ ಇಲ್ಲಿಗೆ ಬಂದು ಮುಟ್ಟುತ್ತದೆ. ಬಯಲಿಗೆ ಬಿಟ್ಟರೆ ಪಕ್ಕದ ಮನೆಯ ಮಗುವಿಗೆ ಹುಳು. ಗುಂಡಿಗೆ ಬಿಟ್ಟು ಇನ್ನೊಬ್ಬನ ಕೈಯಲ್ಲಿ ತೆಗೆಸಿದರೆ ಅವನಿಗೆ ಅವಮಾನ, ಎಷ್ಟೋ ಸಲ ಸಾವು. ತನ್ನದನ್ನು ತಾನೇ ನೋಡಿಕೊಳ್ಳುವುದೊಂದೇ ಯಾರಿಗೂ ಕೇಡಾಗದ ದಾರಿ. ಅದನ್ನೇ ನಮ್ಮ ಮಡಿ ಮೈಲಿಗೆ ಎನ್ನುತ್ತದೆ.

ಇದಕ್ಕೆ ನಾಚಿಕೆ ಮದ್ದೇ? ಬಯಲಿಗೆ ಹೋದವರ ಹಿಂದೆ ಸೀಟಿ ಊದುವುದು, ಹೂವಿನ ಹಾರ ಹಾಕಿ ಫೋಟೋ ತೆಗೆಯುವುದು, ರೇಷನ್ ನಿಲ್ಲಿಸುತ್ತೇವೆಂದು ಹೆದರಿಸುವುದು ಸ್ವಚ್ಛತೆಯ ಹೆಸರಿನಲ್ಲಿ ನಡೆದಿವೆ. ಇವುಗಳನ್ನು ಒಪ್ಪಲಾಗದು. ನಾಚಿಕೆ ಯಾವಾಗಲೂ ಇಳಿಜಾರಿನಲ್ಲಿ ಹರಿದು ಕೆಳಗಿನವನ ಬಾಗಿಲಿಗೇ ಬರುತ್ತದೆ. ಗೌಡರನ್ನು ಅಟ್ಟಿಸಿಕೊಂಡು ಹೋಗಿ ಸೀಟಿ ಊದಿದವರಿಲ್ಲ.

ಇದು ನಮ್ಮ ದೇಶದ ಕಥೆ ಮಾತ್ರ ಎಂದುಕೊಳ್ಳುವುದೂ ಬೇಡ. ಅಲಬಾಮಾ ರಾಜ್ಯದ ಲೌಂಡ್ಸ್ ಕೌಂಟಿಯ ಮಣ್ಣು ನಮ್ಮ ಎರೆಮಣ್ಣಿನಂತೆ ನೀರು ಇಂಗದ ಮಣ್ಣು. ಸಾಮಾನ್ಯ ಸೆಪ್ಟಿಕ್ ಟ್ಯಾಂಕ್ ಅಲ್ಲಿ ಕೆಲಸ ಮಾಡುವುದಿಲ್ಲ, ವಿಶೇಷವಾದದ್ದಕ್ಕೆ ಸಾವಿರಾರು ಡಾಲರ್ ಬೇಕು. ಬಡ ಕಪ್ಪು ಜನರ ಹಲವು ಮನೆಗಳಿಂದ ಕೊಳಚೆ ನೇರವಾಗಿ ಹಿತ್ತಲಿಗೆ ಹರಿಯುತ್ತಿತ್ತು. ಟ್ಯಾಂಕ್ ಇಲ್ಲದ್ದಕ್ಕೆ ಅವರ ಮೇಲೇ ಮೊಕದ್ದಮೆ, ದಂಡದ ಬೆದರಿಕೆ. ೨೦೨೩ರಲ್ಲಿ ಕೇಂದ್ರ ನ್ಯಾಯ ಇಲಾಖೆಯ ಒಪ್ಪಂದದಿಂದ ಆ ಶಿಕ್ಷೆಗೆ ತಡೆ ಬಂತು. ೨೦೨೫ರಲ್ಲಿ ಕೇಂದ್ರ ಸರ್ಕಾರ ಆ ಒಪ್ಪಂದವನ್ನೇ ಕೈಬಿಟ್ಟಿತು. ಸಾಧನ ಕೊಡದೆ ತಪ್ಪು ಹೊರಿಸುವುದರಲ್ಲಿ ಯಾವ ದೇಶವೂ ಹಿಂದೆ ಬಿದ್ದಿಲ್ಲ.

ನನ್ನ ತೀರ್ಮಾನ ಇಷ್ಟು. ಹೊಣೆ ಎಂಬುದು ಸಾಧನದ ಹಿಂದೆ ಹೋಗಬೇಕು. ನೀರಿಲ್ಲದವನ ಕೊಳಕು ಕೈಗೆ ನೀರು ಕೊಡಬೇಕಾದವನು ಹೊಣೆ. ನೀರು, ಶೌಚಾಲಯ, ತಿಳಿವಳಿಕೆ ಮೂರೂ ಇದ್ದು ಬಯಲಿಗೆ ಹೋಗುವವನು ತಾನೇ ಹೊಣೆ. ಅವನು ಎಷ್ಟೇ ದೊಡ್ಡ ಮನೆತನದವನಾದರೂ ಸರಿ, ಅದು ಅವನ ಸ್ವಂತ ಇಷ್ಟದ ವಿಷಯವಲ್ಲ, ನೆರೆಯವರ ಮಗುವಿನ ರಕ್ತದ ವಿಷಯ. ‘ನಾವೂ ಹಾಗೆಯೇ ಬೆಳೆದೆವು, ಏನಾಯಿತು?’ ಎಂದು ಪಾಟ್‌ಲಕ್ಕಿನಲ್ಲಿ ಕೆಲವರು ಕೇಳುವುದುಂಟು. ಬೆಳೆದವರು ಮಾತ್ರ ಇಲ್ಲಿ ಕೂತು ಹಾಗೆ ಕೇಳಬಲ್ಲರು.

ಇನ್ನು ನಮ್ಮ ಪಾಲು. ನಮ್ಮಲ್ಲಿ ಅನೇಕರು ಹುಟ್ಟೂರಿನ ಶಾಲೆಗೆ ಹಣ ಕಳಿಸುತ್ತೇವೆ. ಕಂಪ್ಯೂಟರು, ರಂಗಮಂದಿರ, ಹೆತ್ತವರ ಹೆಸರಿನ ಕೊಠಡಿ. ಕಕ್ಕಸಿಗೆ ಹೆತ್ತವರ ಹೆಸರಿಡಲು ಯಾರಿಗೂ ಮನಸ್ಸು ಬರುವುದಿಲ್ಲ, ಅದು ಸಹಜ. ಹೆಸರಿಲ್ಲದೆಯೇ ಕೊಡಬಹುದು. ಚೆಕ್ ಬರೆಯುವ ಮುಂಚೆ ಮುಖ್ಯೋಪಾಧ್ಯಾಯರಿಗೆ ಮೂರು ಪ್ರಶ್ನೆ ಕೇಳಿ ನೋಡೋಣ. ನಲ್ಲಿಯಲ್ಲಿ ವರ್ಷವಿಡೀ ನೀರು ಬರುತ್ತದೆಯೇ? ಹೆಣ್ಣುಮಕ್ಕಳ ಶೌಚಾಲಯದ ಬೀಗದ ಕೈ ಯಾರ ಬಳಿ ಇರುತ್ತದೆ? ಅದನ್ನು ತೊಳೆಯುವವರು ಯಾರು, ಅವರಿಗೆ ಸಂಬಳವೆಷ್ಟು? ಮೂರನೆಯ ಪ್ರಶ್ನೆಗೆ ‘ಮಕ್ಕಳೇ ತೊಳೆಯುತ್ತಾರೆ’ ಎಂಬ ಉತ್ತರ ಬಂದರೆ, ಯಾವ ಜಾತಿಯ ಮಕ್ಕಳು ಎಂದು ಇನ್ನೊಂದು ಪ್ರಶ್ನೆ ಕೇಳಬೇಕು. ಕಟ್ಟಡಕ್ಕೆ ಒಮ್ಮೆ ಕೊಡುವುದಕ್ಕಿಂತ, ನೀರಿಗೂ ಆ ಸಂಬಳಕ್ಕೂ ಪ್ರತಿ ವರ್ಷ ಕೊಡುವುದು ಹೆಚ್ಚಿನ ಕೆಲಸ ಮಾಡೀತು.

ಇದಕ್ಕೆ ಒಪ್ಪದವರು ಇರಬಹುದು. ಊರಿನ ಅನುಭವ ನನಗಿಂತ ಹೆಚ್ಚಿರುವ ಹಿರಿಯರೂ, ಕೂಟದ ವೈದ್ಯಮಿತ್ರರೂ ಮುಂದಿನ ಸಂಚಿಕೆಗೆ ಬರೆದರೆ ಸಂತೋಷ. ಮೂಗು ಮುರಿದವರೂ ಬರೆಯಲಿ.